ಜೀವ ಇರುವ ಕೋಲು

2015ರ ಗೌರಿ ಹಬ್ಬದ ಹಿಂದಿನ ದಿನ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬಾಗಿನದ ಸಾಮಾನು ಕೊಳ್ಳುತ್ತಿದ್ದೆ. ಬಳೆ ತೊಡಿಸುವವಳು ಕೈ ಹಿಡಿದು ಒತ್ತುತ್ತಿದ್ದ ಹೊತ್ತಿಗೆ ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಉಸಿರು ಸಾಲದು. ಬೆರಳ ತುದಿಯೆಲ್ಲ ಜುಮುಜುಮು. ಜನ, ದೀಪ, ಹೂವಿನ ರಾಶಿ ಎಲ್ಲ ಗಾಜಿನಾಚೆ ಇದ್ದಂತೆ ದೂರವಾಗಿಬಿಟ್ಟವು. ನಾನು ಸಾಯುತ್ತಿದ್ದೇನೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಆಗಲೂ ತೊಟ್ಟ ಬಳೆಯ ದುಡ್ಡು ಕೊಡಬೇಕಲ್ಲ ಎಂದು ಪರ್ಸಿಗೆ ಕೈಹಾಕಿದೆ ನೋಡಿ!

ಆಸ್ಪತ್ರೆ ಸೇರುವಷ್ಟರಲ್ಲಿ ಎಲ್ಲ ಇಳಿದಿತ್ತು. ಇ.ಸಿ.ಜಿ. ಸರಿ, ರಕ್ತ ಸರಿ, ಥೈರಾಯ್ಡ್ ಸರಿ. “ಏನೂ ಇಲ್ಲಮ್ಮ, ಮನಸ್ಸಿಗೆ ಹಚ್ಕೋಬೇಡಿ” ಎಂದರು ಡಾಕ್ಟರು. “ಏನೂ ಇಲ್ಲ ಅಂದ್ರಲ್ಲ, ಮತ್ತೇನು?” ಎಂದರು ನಮ್ಮವರು. ಏನೂ ಇಲ್ಲದ್ದು ಹದಿನೈದು ದಿನಕ್ಕೆ ಮತ್ತೆ ಬಂತು, ಬ್ಯಾಂಕಿನ ಸಾಲಿನಲ್ಲಿ. ಆಮೇಲೆ ಒಂದು ಮದುವೆಮನೆಯಲ್ಲಿ, ಸರಿಯಾಗಿ ಧಾರೆಯ ಹೊತ್ತಿಗೆ. ಪಕ್ಕದ ಮನೆಯವರು ತಾಯಿತ ತಂದು ಕಟ್ಟಿದರು. ನಾನೂ ಕಟ್ಟಿಸಿಕೊಂಡೆ.

ಬಂದಾಗ ಆಗುವ ಸಂಕಟ ಹತ್ತಿಪ್ಪತ್ತು ನಿಮಿಷದ್ದು. ಮತ್ತೆ ಬಂದೀತೆಂಬ ಭಯ ಮಾತ್ರ ಇಡೀ ದಿನದ್ದು. ಮೊದಲು ಬಜಾರು ಬಿಟ್ಟೆ, ಆಮೇಲೆ ಬಸ್ಸು ಬಿಟ್ಟೆ, ಆಮೇಲೆ ಒಬ್ಬಳೇ ಮನೆಯಲ್ಲಿರುವುದನ್ನೂ ಬಿಟ್ಟೆ. ಮಗಳು ಜೊತೆಗಿದ್ದರೆ ಎಲ್ಲ ಸಲೀಸು. ಆಗ ಅವಳು ಮೊದಲನೇ ವರ್ಷದ ಬಿ.ಎಸ್ಸಿ. ಕಾಲೇಜು ಬಿಟ್ಟ ಕೂಡಲೇ ಓಡಿ ಬರುತ್ತಿದ್ದಳು. ದೇವಸ್ಥಾನಕ್ಕೂ ಅವಳು, ದರ್ಜಿಯ ಅಂಗಡಿಗೂ ಅವಳು. ಕಾಲೇಜಿನ ಟೂರಿಗೆ ಹೋಗಲಿಲ್ಲ. ‘ಎಂಥಾ ಮಗಳು!’ ಎಂದು ನೆಂಟರೆಲ್ಲ ಹೊಗಳುವಾಗ ನಾನೂ ಹಿಗ್ಗುತ್ತಿದ್ದೆ.

2018ರಲ್ಲಿ ಅವಳ ಡಿಗ್ರಿ ಮುಗಿಯಿತು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಓದಬೇಕೆಂದು ಪಿ.ಯು.ಸಿ.ಯಿಂದಲೂ ಹೇಳುತ್ತಿದ್ದವಳು ಒಂದು ದಿನ ಊಟಕ್ಕೆ ಕೂತಾಗ, “ಶಂಕರಘಟ್ಟನೇ ಸಾಕಮ್ಮಾ, ದಿನಾ ಹೋಗಿ ಬರಬಹುದು” ಎಂದಳು. ಬಾಯಲ್ಲಿ ನಾನು “ಯಾಕೆ ಪುಟ್ಟಾ, ಮೈಸೂರಿಗೇ ಹೋಗು” ಎಂದೆ. ಒಳಗೆ ಆದದ್ದು ಸಂತೋಷ. ಈ ಬರಹದಲ್ಲಿ ಬರೆಯಲು ಕಷ್ಟವಾದ ಸಾಲು ಇದೊಂದೇ.

ನಮ್ಮತ್ತೆಗೆ ಆಗ ಎಂಬತ್ತರ ಮೇಲೆ. ಕೋಲು ಊರಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, “ನಂಗೆ ಮರದ ಕೋಲು ಸಾಕಾಯ್ತು. ನಿಂಗೆ ಜೀವ ಇರೋ ಕೋಲೇ ಬೇಕಾಯ್ತಲ್ಲೇ” ಎಂದರು. ನನಗೆ ಉರಿದುಹೋಯಿತು. ಕಾಯಿಲೆ ಬರಲಿ ಎಂದು ನಾನು ಕೇಳಿದ್ದೆನೇ? ಎರಡು ದಿನ ಅವರ ಜೊತೆ ಮಾತಾಡಲಿಲ್ಲ. ಮೂರನೇ ದಿನ ನಮ್ಮವರನ್ನು ಕರೆದುಕೊಂಡು ಮನೋವೈದ್ಯರ ಹತ್ತಿರ ಹೋದೆ.

ಆ ಡಾಕ್ಟರು ಹೆಂಗಸು. ‘ಏನೂ ಇಲ್ಲ’ ಎನ್ನಲಿಲ್ಲ. ಪ್ಯಾನಿಕ್ ಡಿಸಾರ್ಡರ್ ಎಂದು ಹೆಸರು ಹೇಳಿದರು. ಹಾವು ಕಂಡಾಗ ಓಡಲೆಂದು ಮೈಯಲ್ಲಿ ಅಡ್ರಿನಲಿನ್ ಏರುತ್ತದಲ್ಲ, ಅದು ಹಾವಿಲ್ಲದೆಯೂ ಏರಿಬಿಡುತ್ತದೆ. ಗಾಬರಿಯಿಂದ ಜೋರುಜೋರಾಗಿ ಉಸಿರಾಡುತ್ತೇವೆ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಬೆರಳು ಜುಮುಜುಮು ಎನ್ನುವುದು, ತಲೆ ಹಗುರಾಗುವುದು ಅದರಿಂದ. ಅದನ್ನೇ ಸಾವು ಎಂದುಕೊಂಡು ಇನ್ನಷ್ಟು ಗಾಬರಿ. ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಎರಡರಷ್ಟಂತೆ. ಅಮೆರಿಕದ ಅಂತರ್ಯುದ್ಧದಲ್ಲಿ ಹೋರಾಡಿದ ಸಿಪಾಯಿಗಳಿಗೂ ಹೀಗೇ ಎದೆ ಹೊಡೆದುಕೊಳ್ಳುತ್ತಿದ್ದುದನ್ನು, ಹೃದಯ ನೋಡಿದರೆ ಹುಳುಕೇನೂ ಕಾಣದಿದ್ದುದನ್ನು ಡಾ ಕೋಸ್ಟಾ ಎಂಬ ವೈದ್ಯರು 1871ರಲ್ಲೇ ಬರೆದಿದ್ದರಂತೆ. ಬಂದೂಕು ಹಿಡಿದವರಿಗೇ ಬಂದದ್ದು ಬಳೆ ತೊಡಲು ಹೋದ ನನಗೆ ಬಂದದ್ದರಲ್ಲಿ ಅವಮಾನವೇನು ಎಂದು ಸ್ವಲ್ಪ ಧೈರ್ಯ ಬಂತು. (ಎದೆನೋವು ಬಂದವರು ಇದನ್ನೋದಿ ‘ಓ, ಗಾಬರಿ ಅಷ್ಟೇ’ ಎಂದು ಮನೆಯಲ್ಲಿ ಕೂರಬಾರದು. ಮೊದಲು ಇ.ಸಿ.ಜಿ. ಆಗಲೇಬೇಕು.)

ಮಾತ್ರೆ ಕೊಟ್ಟರು, ಗುಣ ಕಾಣಲು ಕೆಲವು ವಾರ ಬೇಕೆಂದರು. ಕುರ್ಚಿಯಲ್ಲಿ ಗಿರಗಿರ ತಿರುಗಿ, ಮೆಟ್ಟಿಲು ಹತ್ತಿ ಇಳಿದು, ಬೇಕೆಂದೇ ತಲೆಸುತ್ತು, ಎದೆಬಡಿತ ಬರಿಸಿಕೊಂಡು ‘ಇದು ಬಂದು ಹೋಗುವಂಥದ್ದು’ ಎಂದು ಮೈಗೆ ಕಲಿಸಬೇಕಂತೆ. ನಾನು ತಿರುಗುವುದನ್ನು ನೋಡಿ ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಕೊನೆಗೆ ಡಾಕ್ಟರು ಹೇಳಿದ ಮಾತು ಮಾತ್ರ ನನ್ನನ್ನು ಅಲ್ಲಾಡಿಸಿತು. “ಮಗಳನ್ನ ಜೊತೆಗೆ ಕರೀಬೇಡಿ. ಅವಳಿದ್ದಾಗೆಲ್ಲ ನಿಮ್ಮ ಮನಸ್ಸು, ಅವಳಿದ್ದದ್ದಕ್ಕೆ ಬದುಕಿದೆ ಅಂತ ಲೆಕ್ಕ ಬರ್ಕೊಳ್ತಾ ಇರುತ್ತೆ.”

ಕಾಯಿಲೆ ನನ್ನ ತಪ್ಪಲ್ಲ, ಒಪ್ಪಿದೆ. ಆದರೆ ಅದರ ಬಾಡಿಗೆಯನ್ನು ಮೂರು ವರ್ಷ ಮಗಳು ಕಟ್ಟಿದಳಲ್ಲ, ಅದು ಯಾರ ತಪ್ಪು? ನಮ್ಮ ಮನೆಗಳಲ್ಲಿ ಹೆಂಗಸು ‘ನನಗೆ ಆಗುತ್ತಿಲ್ಲ, ಹಿಡಿದುಕೊಳ್ಳಿ’ ಎನ್ನುವುದೇ ಅಪರೂಪ. ಹಾಗೆ ಅಂದದ್ದನ್ನು ತಪ್ಪೆನ್ನಲು ನಾನು ಈಗಲೂ ತಯಾರಿಲ್ಲ. ಬಾಣಂತಿಯಾಗಿದ್ದಾಗ ತಾಯಿಗೆ ಆತುಕೊಂಡೆ, ಕಾಲು ಮುರಿದಾಗ ಗಂಡನಿಗೆ. ಅವು ಒಂದು ದಿನ ಮುಗಿದವು. ಇದಕ್ಕೆ ಮುಗಿಯುವ ದಿನವೇ ಇರಲಿಲ್ಲ. ಅದನ್ನು ನಾನು ಬಲ್ಲೆ, ಆದರೂ ಕೇಳಿಕೊಳ್ಳಲಿಲ್ಲ. ತಪ್ಪಿದ್ದರೆ ಅಲ್ಲಿದೆ.

ನನ್ನ ಪುಣ್ಯ, ಅವಳಿಗೆ ಒಳ್ಳೆಯದಾಗುವುದೂ ನನಗೆ ಗುಣವಾಗುವುದೂ ಒಂದೇ ದಾರಿಯಲ್ಲಿದ್ದವು. ಬೇರೆಬೇರೆಯಾಗಿದ್ದರೆ? ಅವಳು ಪಕ್ಕದಲ್ಲಿದ್ದರೇ ನಿಮಗೆ ವಾಸಿ ಎಂದು ಡಾಕ್ಟರು ಹೇಳಿದ್ದರೆ ಅವಳನ್ನು ಕಳಿಸುತ್ತಿದ್ದೆನೇ? ತರಕಾರಿ ಹೆಚ್ಚುವಾಗ ಎಷ್ಟೋ ಸಲ ಇದನ್ನು ಕೇಳಿಕೊಂಡಿದ್ದೇನೆ. ಕಳಿಸುತ್ತಿದ್ದೆ ಎನ್ನಲು ನಾಲಿಗೆ ಏಳುವುದಿಲ್ಲ.

ಮೈಸೂರಿನ ಅರ್ಜಿಗೆ ಇನ್ನೂ ದಿನವಿತ್ತು. ಹಾಕು ಎಂದೆ. “ನಿನ್ನ ಬಿಟ್ಟು ಹೋದ್ರೆ ನಂದು ಸ್ವಾರ್ಥ ಆಗಲ್ವಾಮ್ಮಾ?” ಎಂದಳು. ಉತ್ತರ ಹೇಳಲು ಬಾರದೆ ಮರುವಾರ ಭದ್ರಾವತಿಯ ಬಸ್ಸು ಹತ್ತಿದೆ, ಒಬ್ಬಳೇ. ಅವಳು ಗೇಟಿನಲ್ಲಿ ನಿಂತಿದ್ದಳು. ಬರುತ್ತೇನೆಂದು ಹೇಳದೆ ನಿಲ್ಲಲು ಅವಳಿಗೆ ಎಷ್ಟು ಕಷ್ಟವಾಯಿತೆಂಬುದು ಗೇಟಿನ ಸರಳು ಹಿಡಿದ ಬೆರಳಲ್ಲೇ ಕಾಣುತ್ತಿತ್ತು. ಊರು ದಾಟಿದ್ದೇ ತಡ, ಬಂದೇ ಬಂತು. ಇಳಿದುಬಿಡೋಣವೆಂದು ಎದ್ದು ನಿಂತೆ, ಮತ್ತೆ ಕೂತೆ. ಗಡಿಯಾರ ನೋಡುತ್ತ ಕೂತೆ. ಏರಿತು, ಏರಿತು, ಎಂಟು ನಿಮಿಷಕ್ಕೆ ನಿಂತಿತು, ಆಮೇಲೆ ಮೆಲ್ಲಗೆ ಇಳಿಯಿತು. ಪಕ್ಕದ ಸೀಟಿನ ಹೆಂಗಸು “ವಾಂತಿ ಬರ್ತದೇನಕ್ಕಾ?” ಎಂದು ನಿಂಬೆಹಣ್ಣು ಕೊಟ್ಟಳು. ಭದ್ರಾವತಿಯಲ್ಲಿ ಇಳಿದು ಒಂದು ಕಾಫಿ ಕುಡಿದು ಮುಂದಿನ ಬಸ್ಸಿಗೇ ವಾಪಸ್ಸು ಬಂದೆ.

ಈಗಲೂ ವರ್ಷಕ್ಕೊಂದು ಸಲ ಬರುವುದುಂಟು. 2022ರಿಂದ 14416 ಎಂಬ ಟೆಲಿ ಮಾನಸ್ ನಂಬರಿದೆ, ಫೋನು ಮಾಡಿ ಕನ್ನಡದಲ್ಲೇ ಹೇಳಿಕೊಳ್ಳಬಹುದು. ನನಗೆ ಬಂದ ಕಾಲಕ್ಕೆ ಅದಿರಲಿಲ್ಲ.

ಮಗಳನ್ನು ಮೈಸೂರಿನ ರೈಲು ಹತ್ತಿಸಲು ನಾನೊಬ್ಬಳೇ ಸ್ಟೇಷನ್ನಿಗೆ ಹೋಗಿದ್ದೆ. ರೈಲು ತಿರುವಿನಲ್ಲಿ ಮರೆಯಾದಾಗ ಎದೆ ಹೊಡೆದುಕೊಳ್ಳುತ್ತಿತ್ತು. ಇದು ಕಾಯಿಲೆಯದೋ, ಮಗಳು ಹೋದದ್ದರದೋ ತಿಳಿಯಲಿಲ್ಲ. ಕಲ್ಲುಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತಿದ್ದು, ಹೊರಗೆ ಬಂದು ಆಟೋ ಕರೆದೆ.