ಕಡಲು ದಾಟಿದ ಮಣ್ಣು

ಬ್ರಾಮ್ ಸ್ಟೋಕರನ ‘ಡ್ರಾಕುಲಾ’ ಪ್ರಕಟವಾದದ್ದು 1897ರಲ್ಲಿ. ಟ್ರಾನ್ಸಿಲ್ವೇನಿಯಾದ ಕೌಂಟ್ ಇಂಗ್ಲೆಂಡಿಗೆ ಹೊರಟಾಗ ಹುಟ್ಟೂರಿನ ಮಣ್ಣು ತುಂಬಿದ 50 ಪೆಟ್ಟಿಗೆಗಳೂ ಹಡಗೇರುತ್ತವೆ. ಆ ಮಣ್ಣಿನ ಮೇಲೆ ಮಲಗದೆ ಪರದೇಶದಲ್ಲಿ ಅವನಿಗೆ ಉಳಿಗಾಲವಿಲ್ಲ. 2020ರಲ್ಲಿ ಬಂದ ‘ಮೆಕ್ಸಿಕನ್ ಗಾಥಿಕ್’ ಕಾದಂಬರಿಯಲ್ಲೂ ಕಡಲು ದಾಟಿ ಬಂದ ಮಣ್ಣಿದೆ. ಮೆಕ್ಸಿಕೊದಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿರುವ ಸಿಲ್ವಿಯಾ ಮೊರೆನೊ-ಗಾರ್ಸಿಯಾ ಅವರ ಈ ಕಥೆಯಲ್ಲಿ ಡಾಯ್ಲ್ ಎಂಬ ಇಂಗ್ಲಿಷ್ ಕುಟುಂಬ ಮೆಕ್ಸಿಕೊದ ಬೆಟ್ಟವೊಂದರಲ್ಲಿ ಮನೆ ಕಟ್ಟಿಸುತ್ತದೆ, ತೋಟಕ್ಕೆಂದು ಇಂಗ್ಲೆಂಡಿನ ಮಣ್ಣನ್ನೇ ತರಿಸುತ್ತದೆ. ಹಳೆಯ ಗಾಥಿಕ್ ಕಥೆಯನ್ನೂ ಹೊಸ ಹಾರರ್ ಕಥೆಯನ್ನೂ ಹದಿಹರೆಯದ ಮಕ್ಕಳ ಮುಂದೆ ಜೊತೆಯಾಗಿ ಇಡುವುದಾದರೆ ಈ ಎರಡು ಮಣ್ಣಿನಿಂದ ಪಾಠ ಶುರುವಾಗಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. ಒಂದರಲ್ಲಿ ಮಣ್ಣು ಹೊತ್ತು ಬಂದವನು ಹೊರಗಿನವನು. ಒಂದು ಸಣ್ಣ ಗುಂಪು ಒಟ್ಟಾಗಿ ಅವನನ್ನು ಅಟ್ಟುತ್ತದೆ. ಇನ್ನೊಂದರಲ್ಲಿ ಮಣ್ಣು ತಂದವನೇ ಯಜಮಾನ. ಊರು ಅವನಿಗಾಗಿ ದುಡಿದು ಸಾಯುತ್ತದೆ. ಭಯ ಹುಟ್ಟುವುದು ಯಾರ ಮನೆಯ ಕಿಟಕಿಯಿಂದ ನೋಡಿದಾಗ ಎಂಬ ಒಂದು ಪ್ರಶ್ನೆ ಕೇಳಿದರೆ ಸಾಕು, ಎರಡೂ ಪುಸ್ತಕಗಳು ಪರಸ್ಪರ ಮಾತಾಡತೊಡಗುತ್ತವೆ.

ತರಗತಿಗಳಲ್ಲಿ ಹೋಲಿಕೆ ಸಾಮಾನ್ಯವಾಗಿ ಹೀಗೆ ನಡೆಯುವುದಿಲ್ಲ. ಒಂದನ್ನೊಂದು ಹಾಯುವ ಎರಡು ವೃತ್ತ ಬರೆದು, ಅಲ್ಲಿ ಕೋಟೆ ಇಲ್ಲಿ ಹೋಟೆಲ್, ಅಲ್ಲಿ ಆರುವ ಮೇಣದಬತ್ತಿ ಇಲ್ಲಿ ಚಾರ್ಜ್ ಮುಗಿದ ಮೊಬೈಲ್, ನಡುವೆ ಎರಡಕ್ಕೂ ಸಲ್ಲುವ ಕತ್ತಲೆ ಎಂದು ತುಂಬಿಸಿ ಮುಗಿಸುತ್ತಾರೆ. ಪಟ್ಟಿಯಲ್ಲಿ ತಪ್ಪೇನಿಲ್ಲ, ಆದರೆ ಅದು ಮುಂದಕ್ಕೆ ಒಯ್ಯುವುದಿಲ್ಲ. ಅಂಥ ಪಟ್ಟಿಗೆ ಸೇರಬಹುದಾದ ಒಂದು ಅಂಶವನ್ನೇ, ‘ಸಿಕ್ಕಿದ ದಾಖಲೆ’ಯನ್ನು, ಹಿಡಿದು ಎಳೆದರೆ ಏನಾಗುತ್ತದೆ ನೋಡಿ. ಹೊರೇಸ್ ವಾಲ್‌ಪೋಲ್ 1764ರಲ್ಲಿ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ ಹೊರತಂದಾಗ ಅದು ಹಳೆಯ ಇಟಾಲಿಯನ್ ಗ್ರಂಥವೊಂದರ ಅನುವಾದ ಎಂದು ಓದುಗರನ್ನು ನಂಬಿಸಿದ್ದ. ಡ್ರಾಕುಲಾದಲ್ಲಿ ಡೈರಿ, ಪತ್ರ, ತಂತಿ, ಪತ್ರಿಕಾ ವರದಿಗಳೇ ಕಥೆ. 1999ರ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ಮತ್ತು ಅದೇ ದಾರಿ ಹಿಡಿದ ನಮ್ಮ 2013ರ ‘6-5=2’ ಚಿತ್ರಗಳಲ್ಲಿ ಕಾಡಿನಲ್ಲಿ ಸಿಕ್ಕ ಕ್ಯಾಮೆರಾ ದಾಖಲೆಯ ಕೆಲಸ ಮಾಡುತ್ತದೆ. ಸಿಕ್ಕಿದ ದಾಖಲೆ ಎಂಬುದು ಎರಡೂವರೆ ಶತಮಾನದ ಹಳೆಯ ತಂತ್ರ ಎಂದು ಬರೆದುಕೊಂಡು ಮುಂದೆ ಹೋಗಬಹುದು. ಆದರೆ ಡ್ರಾಕುಲಾದ ದಾಖಲೆಗಳಲ್ಲಿ ಯಾರ ಬರಹ ಇಲ್ಲ ಎಂದು ಕೇಳಿದ ಕೂಡಲೇ ಓದಿನ ದಿಕ್ಕೇ ಬದಲಾಗುತ್ತದೆ. ಕೌಂಟನ ಕೋಟೆಗೆ ಅತಿಥಿಯಾಗಿ ಹೋದ ಹಾರ್ಕರ್ ಬರೆಯುತ್ತಾನೆ, ಅವನ ಹೆಂಡತಿಯಾಗುವ ಮೀನಾ ಬರೆಯುತ್ತಾಳೆ, ಡಾಕ್ಟರ್ ಸೆವಾರ್ಡ್ ಫೋನೋಗ್ರಾಫಿಗೆ ಮಾತಾಡುತ್ತಾನೆ, ಹಡಗಿನಲ್ಲಿ ಸಾಯುವ ಕಪ್ತಾನನೂ ಬರೆದಿಡುತ್ತಾನೆ. ಕೌಂಟನದು ಎನ್ನಲು ಒಂದೆರಡು ಪತ್ರ ಬಿಟ್ಟರೆ ಏನೂ ಇಲ್ಲ. ಯಾರ ಹೆಸರಿನ ಪುಸ್ತಕವೋ ಅವನಿಗೇ ಅದರಲ್ಲಿ ಬಾಯಿಲ್ಲ.

ಕಾದಂಬರಿಯ ಆರಂಭದಲ್ಲಿ ಕೌಂಟನ ಕೋಟೆಯ ಗ್ರಂಥಾಲಯದ ದೃಶ್ಯವೊಂದಿದೆ. ಕಪಾಟುಗಳ ತುಂಬ ಇಂಗ್ಲಿಷ್ ಪುಸ್ತಕಗಳು. ಇಂಗ್ಲೆಂಡಿನ ಇತಿಹಾಸ, ಕಾನೂನು, ನಡವಳಿಕೆ, ಲಂಡನ್ನಿನ ವಿಳಾಸಗಳ ಡೈರೆಕ್ಟರಿ ಕೂಡ. ಒಂದು ಸಂಜೆ ಹಾರ್ಕರ್ ಬಂದು ನೋಡಿದರೆ ಈ ಮುದುಕ ಸೋಫಾದ ಮೇಲೆ ಒರಗಿ ಬ್ರಾಡ್‌ಷಾ ರೈಲ್ವೆ ವೇಳಾಪಟ್ಟಿ ಓದುತ್ತಿದ್ದಾನೆ. ತನ್ನ ಉಚ್ಚಾರಣೆಯಲ್ಲಿ ಎಷ್ಟು ಸಣ್ಣ ತಪ್ಪಿದ್ದರೂ ತಿದ್ದು ಎಂದು ಅತಿಥಿಯನ್ನು ಕೇಳಿಕೊಳ್ಳುತ್ತಾನೆ. ತನ್ನ ನಾಡಿನಲ್ಲಿ ತಾನು ದೊರೆ, ಲಂಡನ್ನಿನಲ್ಲಿ ಬಾಯಿ ತೆರೆದ ಕ್ಷಣವೇ ಪರಕೀಯ ಎಂದು ಜನ ಗುರುತಿಸುತ್ತಾರೆ, ಹಾಗಾಗಬಾರದು ಎಂಬುದು ಅವನ ಚಿಂತೆ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಎಂದು ಬೆಳೆಯುವ ಮಕ್ಕಳು, ಅಪ್ಪ ಅಮ್ಮ ಬ್ಯಾಂಕಿನ ಕೌಂಟರಿನಲ್ಲಿ ಒಂದೇ ಮಾತನ್ನು ಎರಡೆರಡು ಸಲ ಹೇಳುವುದನ್ನು ಪಕ್ಕದಲ್ಲಿ ನಿಂತು ಕೇಳಿದ ಮಕ್ಕಳು, ಈ ಪುಟದ ಮುಂದೆ ಉಳಿದವರಿಗಿಂತ ಹೆಚ್ಚು ಹೊತ್ತು ನಿಲ್ಲುತ್ತಾರೆ. ಅವರಿಗೆ ಕೌಂಟನ ಭಯವೂ ಅರ್ಥವಾಗುತ್ತದೆ, ಅವನನ್ನು ಕಂಡ ಲಂಡನ್ನಿನ ಭಯವೂ ಅರ್ಥವಾಗುತ್ತದೆ. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವುದು ಕಷ್ಟ. ಆ ಕಷ್ಟದಲ್ಲೇ ನಿಜವಾದ ಓದು ಇದೆ.

ಈಗ ‘ಮೆಕ್ಸಿಕನ್ ಗಾಥಿಕ್’ಗೆ ಬನ್ನಿ. 1950ರ ದಶಕ. ಮದುವೆಯಾಗಿ ಡಾಯ್ಲ್ ಮನೆ ಸೇರಿದ ಸೋದರ ಸಂಬಂಧಿಯಿಂದ ವಿಚಿತ್ರ ಪತ್ರ ಬಂದಿದೆ ಎಂದು ನೊಯೆಮಿ ಎಂಬ ಯುವತಿ ಮೆಕ್ಸಿಕೊ ನಗರದಿಂದ ಅಲ್ಲಿಗೆ ಹೋಗುತ್ತಾಳೆ. ಕೋಟೆಯಂಥ ಮನೆ, ಮುದಿ ಯಜಮಾನ, ಸದ್ದು ಮಾಡಬಾರದೆಂಬ ಕಟ್ಟಳೆ, ಎಲ್ಲವೂ ಹಳೆಯ ಸಾಮಗ್ರಿಯೇ. ಆದರೆ ಇಲ್ಲಿ ಬಾಗಿಲಾಚೆಯಿಂದ ಬಂದವಳ ಕಣ್ಣಲ್ಲಿ ಮನೆಯನ್ನು ನೋಡುತ್ತೇವೆ. ಬೆಳ್ಳಿ ಗಣಿ ನಡೆಸಿದ ಈ ಕುಟುಂಬದ ಸ್ಮಶಾನದಲ್ಲಿ ಇಂಗ್ಲಿಷ್ ಹೆಸರು ಕೆತ್ತಿದ ಕಲ್ಲುಗಳಿವೆ. ಗಣಿಯಲ್ಲಿ ದುಡಿದು ರೋಗ ಬಂದು ಸತ್ತ ಮೆಕ್ಸಿಕನ್ ಕಾರ್ಮಿಕರಿಗೆ ಕಲ್ಲಿಲ್ಲ. ಕಥೆಯ ಭೀಕರ ರಹಸ್ಯ ಆ ಇಲ್ಲದ ಕಲ್ಲುಗಳ ಕೆಳಗೇ ಇದೆ. ಲೇಖಕಿಗೆ ಪ್ರೇರಣೆಯಾದ ರಿಯಲ್ ದೆಲ್ ಮೊಂತೆ ನಿಜವಾದ ಊರು. 1820ರ ದಶಕದಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಗಣಿಗಾರರು ಅಲ್ಲಿಗೆ ಬಂದರು. ಅಲ್ಲಿನ ಇಂಗ್ಲಿಷ್ ಗಣಿ ಕಂಪನಿಯ ಹಿಂದಿದ್ದವನು ಜಾನ್ ಟೇಲರ್. ಅದೇ ಮನೆತನದ ಜಾನ್ ಟೇಲರ್ ಆ್ಯಂಡ್ ಸನ್ಸ್ 1880ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಗೆ ಕೈ ಹಾಕಿತು, ಅಲ್ಲಿಗೂ ಕಾರ್ನ್‌ವಾಲಿನವರು ಬಂದರು. ಬಂಗಲೆಗಳ ಸಾಲು ಒಂದು ಕಡೆ, ಕೂಲಿ ಲೈನುಗಳು ಇನ್ನೊಂದು ಕಡೆ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ಆ ಗಣಿ 2001ರಲ್ಲಿ ಮುಚ್ಚಿತು. ಮೆಕ್ಸಿಕೊದ ಕಥೆ ಓದುವ ಕನ್ನಡದ ಮನೆಯ ಹುಡುಗಿಗೆ ಈ ನಂಟನ್ನು ಯಾರಾದರೂ ಹೇಳಿದರೆ ಡಾಯ್ಲ್ ಮನೆ ಅಷ್ಟು ದೂರದ್ದಾಗಿ ಉಳಿಯುವುದಿಲ್ಲ.

ಇಂದಿನ ಅಳತೆಗೋಲಿನಿಂದ 1897ರ ಪುಸ್ತಕವನ್ನು ಅಳೆಯುವುದು ಅನ್ಯಾಯ ಎಂಬ ಆಕ್ಷೇಪಕ್ಕೆ ತೂಕವಿದೆ. ಸ್ಟೋಕರನನ್ನು ಕಟಕಟೆಯಲ್ಲಿ ನಿಲ್ಲಿಸುವುದೇ ಹೋಲಿಕೆಯಾದರೆ ಮಕ್ಕಳು ಒಂದೇ ವಾರದಲ್ಲಿ ತೀರ್ಪು ಬರೆದುಕೊಟ್ಟು ಪುಸ್ತಕ ಮುಚ್ಚುತ್ತಾರೆ. ಆದರೆ ರೈಲ್ವೆ ವೇಳಾಪಟ್ಟಿಯ ಪುಟವನ್ನು ಬರೆದವನು ಸ್ಟೋಕರನೇ. ಅವನೂ ಡಬ್ಲಿನ್ನಿನಿಂದ ಲಂಡನ್ನಿಗೆ ಬಂದು ಬದುಕಿದವನು. ಬೇಟೆ ಬಿರುಸಾದಾಗ, ಕೌಂಟನಿಂದಲೇ ಗಾಯಗೊಂಡ ಮೀನಾ ತನ್ನ ಗಂಡ ಮತ್ತು ಗೆಳೆಯರಿಗೆ ಅವನ ಮೇಲೆ ಕರುಣೆ ಇರಲಿ ಎನ್ನುತ್ತಾಳೆ. ಅವನು ಅಳಿಯುವ ಗಳಿಗೆಯಲ್ಲಿ ಅವನ ಮುಖದಲ್ಲಿ ಶಾಂತಿ ಮೂಡಿದ್ದನ್ನು ಬರೆದಿಡುವವಳೂ ಅವಳೇ. ಹೊಸ ಕಾದಂಬರಿ ಓದಿ ಬಂದವರಿಗೆ ಹಳೆಯದರಲ್ಲಿ ಅಡಗಿದ್ದ ಈ ಎಳೆ ಕಾಣಿಸುತ್ತದೆ.

ಮಕ್ಕಳ ತಲೆಗೆ ದೆವ್ವ ಭೂತ ತುಂಬುವುದೇಕೆ ಎಂದು ಕೇಳುವ ತಂದೆ ತಾಯಿಗಳೂ ಇದ್ದಾರೆ. ಜೇನ್ ಆಸ್ಟಿನ್ ಈ ಆತಂಕವನ್ನು 1817ರ ಕೊನೆಯಲ್ಲಿ ಪ್ರಕಟವಾದ ‘ನಾರ್ಥ್ಯಾಂಗರ್ ಆ್ಯಬಿ’ಯಲ್ಲೇ ಎದುರಿಸಿದ್ದಾಳೆ. 17ರ ಕ್ಯಾಥರೀನ್ ಗಾಥಿಕ್ ಕಾದಂಬರಿ ಓದಿ ಓದಿ, ತಾನು ಅತಿಥಿಯಾಗಿರುವ ಮನೆಯ ಯಜಮಾನ ಜನರಲ್ ಟಿಲ್ನಿ ಹೆಂಡತಿಯನ್ನು ಕೊಂದಿರಬೇಕು ಎಂದು ಶಂಕಿಸುತ್ತಾಳೆ. ಅವನು ಕೊಲೆಗಾರನಲ್ಲ. ಆದರೆ ಹುಡುಗಿ ಸಿರಿವಂತಳಲ್ಲ ಎಂದು ತಿಳಿದ ಕೂಡಲೇ ಅವಳನ್ನು ಒಂಟಿಯಾಗಿ, ಜೊತೆಗೊಬ್ಬ ಆಳನ್ನೂ ಕೊಡದೆ 70 ಮೈಲಿ ದೂರದ ಮನೆಗೆ ಅಟ್ಟುತ್ತಾನೆ. ಅವನಲ್ಲಿ ಕೇಡಿದೆ ಎಂಬ ಅವಳ ಅನುಮಾನ ನಿಜವೇ ಇತ್ತು, ಕೇಡಿನ ಹೆಸರಷ್ಟೇ ತಪ್ಪಾಗಿತ್ತು. ಅದನ್ನು ಸರಿಯಾದ ಹೆಸರಿನಿಂದ ಕರೆಯಲು ಹದಿಹರೆಯದಲ್ಲೇ ಕಲಿಯಬೇಕು. 2004ರ ‘ಆಪ್ತಮಿತ್ರ’ವನ್ನು ಮನೆಮಂದಿಯೆಲ್ಲ ಕೂತು ನೋಡಿದ ನಮಗೆ ಭೂತ ಎಂದುಕೊಂಡದ್ದಕ್ಕೆ ಬೇರೆ ಹೆಸರು ಸಿಗುವುದು ಹೊಸತಲ್ಲ, ಬೀಗ ಹಾಕಿದ ಕೋಣೆಯ ನಾಗವಲ್ಲಿಗೆ ಕೊನೆಯಲ್ಲಿ ಮನೋವೈದ್ಯ ವಿವರಣೆ ಕೊಡುತ್ತಾನಲ್ಲ, ಆ ರೀತಿ ಆ್ಯನ್ ರಾಡ್‌ಕ್ಲಿಫಳ 1794ರ ‘ಉಡಾಲ್ಫೊ’ದಲ್ಲೇ ಇದೆ. ವಯಸ್ಸಿನ ಮಾತು ಮಾತ್ರ ನಿಜ: ‘ಮೆಕ್ಸಿಕನ್ ಗಾಥಿಕ್’ನಲ್ಲಿ ಹೆಣ್ಣಿನ ಮೇಲಿನ ದಬ್ಬಾಳಿಕೆಯ ಕಟು ದೃಶ್ಯಗಳಿವೆ, 16ಕ್ಕಿಂತ ಮೊದಲು ಬೇಡ. ಕಿರಿಯರಿಗೆ ನೀಲ್ ಗೇಮನ್ನನ 2002ರ ‘ಕೊರಲೈನ್’ ಇದೆ, ಗುಂಡಿಯ ಕಣ್ಣಿನ ಇನ್ನೊಬ್ಬ ಅಮ್ಮ ಅವರಿಗೆ ಸಾಕಷ್ಟಾದಾಳು.

ನನಗೆ ಹೆಚ್ಚು ಕಾಡುವ ಆಕ್ಷೇಪ ಬೇರೆ. ಇಷ್ಟೆಲ್ಲ ಬಗೆದರೆ ಭಯವೇ ಸತ್ತು ಇತಿಹಾಸದ ಪಾಠ ಉಳಿಯುವುದಿಲ್ಲವೇ? ಎಡ್ಗರ್ ಅಲನ್ ಪೋ 1839ರಲ್ಲಿ ಬರೆದ ಅಷರ್ ಮನೆಯ ಕಥೆಯಲ್ಲಿ ಗೋಡೆಯ ಹೊರಮೈಯೆಲ್ಲ ಸಣ್ಣ ಶಿಲೀಂಧ್ರ ಹಬ್ಬಿದೆ, ಆ ಕಲ್ಲಿಗೂ ಶಿಲೀಂಧ್ರಕ್ಕೂ ಪ್ರಜ್ಞೆಯಿದೆ ಎಂದು ಮನೆಯೊಡೆಯ ನಂಬಿದ್ದಾನೆ. ನಿಜವೋ ಹುಚ್ಚೋ, ಪೋ ಹೇಳುವುದಿಲ್ಲ. ಮೊರೆನೊ-ಗಾರ್ಸಿಯಾ ಅದೇ ಶಿಲೀಂಧ್ರವನ್ನು ಎತ್ತಿಕೊಂಡು ಅದು ಹೇಗೆ ಬೆಳೆಯುತ್ತದೆ, ಯಾರನ್ನು ಉಣ್ಣುತ್ತದೆ ಎಂದು ಪುಟಗಟ್ಟಲೆ ವಿವರಿಸುತ್ತಾರೆ. ನ್ಯಾಯದ ಲೆಕ್ಕ ಅಲ್ಲಿ ಚುಕ್ತಾ ಆಗುತ್ತದೆ, ಆದರೆ ಮೈ ಜುಮ್ಮೆನ್ನುವುದು ಪೋನಲ್ಲೇ ಹೆಚ್ಚು. ಇದನ್ನು ಮಕ್ಕಳಿಗೆ ಮುಚ್ಚಿಡಬಾರದು. ಮೊದಲ ಓದಿನಲ್ಲಿ ಎಲ್ಲಿ ಉಸಿರು ಬಿಗಿಯಾಯಿತೋ ಅಲ್ಲಿ ಪೆನ್ಸಿಲ್ ಗುರುತು ಹಾಕಲಿ. ಯಾರ ಮನೆ, ಯಾರ ಮಣ್ಣು ಎಂಬ ಪ್ರಶ್ನೆಗಳು ಆ ಗುರುತಿನ ಬಳಿಯಲ್ಲೇ ಏಳಲಿ. ಕನ್ನಡದಲ್ಲಿ ‘ಮನೆತನ’ ಎಂಬುದು ಮನೆಯಿಂದಲೇ ಬೆಳೆದ ಮಾತು. ‘ಅಷರ್ ಮನೆ’ ಎಂಬ ಹೆಸರನ್ನೂ ಸುತ್ತಲಿನ ರೈತರು ಕಟ್ಟಡಕ್ಕೂ ವಂಶಕ್ಕೂ ಒಟ್ಟಾಗಿ ಬಳಸುತ್ತಾರೆ ಎಂದು ಪೋ ಒಂದೇ ಒಂದು ಕಡೆ ಹೇಳುತ್ತಾನೆ. ಆ ಕಥೆಯಲ್ಲಿ ರೈತರಿಗೆ ಸಿಕ್ಕ ಜಾಗ ಅಷ್ಟೇ.

ಕೊನೆಗೆ ಮಕ್ಕಳಿಗೆ ಬರೆಯಲು ಕೊಡುವುದಾದರೆ, ಆರು ಸಾಮ್ಯ ಆರು ವ್ಯತ್ಯಾಸ ಬರೆಯಿರಿ ಎನ್ನುವುದಕ್ಕಿಂತ, ಪುಸ್ತಕದಲ್ಲಿ ಇಲ್ಲದ ಒಂದು ಪುಟ ಬರೆಯಿಸುವುದು ಮೇಲು: ರೈಲ್ವೆ ವೇಳಾಪಟ್ಟಿ ಮಡಚಿಟ್ಟ ಆ ರಾತ್ರಿ ಕೌಂಟ್ ಬರೆದಿರಬಹುದಾದ ಡೈರಿ. ಹಾರ್ಕರನೆದುರು ಅವನು ಮಾತಾಡಿದ್ದು ಇಂಗ್ಲಿಷಿನಲ್ಲಿ. ಒಬ್ಬನೇ ಕುಳಿತಾಗ ಯಾವ ಭಾಷೆಯಲ್ಲಿ ಬರೆಯುತ್ತಿದ್ದ ಎಂಬುದನ್ನು ಆ ಮಕ್ಕಳೇ ತೀರ್ಮಾನಿಸಲಿ.