ಮಗುವಿನ ಕೈಗೆ ಕನ್ನಡಿ




*ಇಂದಿನ ಚಿಂತನೆ*

ಕನ್ನಡಿ ಇರುವುದು ಯಾತಕ್ಕೆ ಎಂದು ಭಗವಾನ್ ಬುದ್ಧರು ಮಗ ರಾಹುಲನನ್ನು ಕೇಳಿದರು. ನೋಡಿಕೊಳ್ಳುವುದಕ್ಕೆ ಎಂದ ರಾಹುಲ. ಹಾಗೆಯೇ ಪ್ರತಿ ಕೆಲಸವನ್ನೂ ಮಾಡುವ ಮುಂಚೆ, ಮಾಡುತ್ತಿರುವಾಗ, ಮಾಡಿದ ಮೇಲೆ ನೋಡಿಕೋ ಎಂದರು ಬುದ್ಧರು. ಇದರಿಂದ ನನಗೆ ನೋವೇ? ಇನ್ನೊಬ್ಬರಿಗೆ ನೋವೇ? ಮಾತಿಗೂ ಮನಸ್ಸಿಗೂ ಇದೇ ಪ್ರಶ್ನೆ. (ಮಜ್ಝಿಮ ನಿಕಾಯ, 61ನೇ ಸುತ್ತ)

ಮಾಡಿದ ಮೇಲೆ ತಿರುಗಿ ನೋಡದಿದ್ದರೆ ಏನಾಗುತ್ತದೆ? ಕೆಜಿಎಫ್‌ನವರಿಗೆ ಬಿಡಿಸಿ ಹೇಳಬೇಕಿಲ್ಲ. 2001ರಲ್ಲಿ ಗಣಿ ಮುಚ್ಚಿತು. ಚಿನ್ನ ಹೋಯಿತು, ಸಯನೈಡ್ ದಿಬ್ಬಗಳು ಉಳಿದವು. ಗಾಳಿ ಎದ್ದರೆ ಆ ಧೂಳು ಈಗಲೂ ಹತ್ತಿರದ ಮನೆಗಳೊಳಗೆ ಬರುತ್ತದೆ. ಮಾತೂ ಹಾಗೆಯೇ. ಆಡಿದವರು ಮರೆತರೂ ಕೇಳಿಸಿಕೊಂಡವರ ಎದೆಯಲ್ಲಿ ಉಳಿಯುತ್ತದೆ.

ಮನೆಯಲ್ಲಿ ತಮಿಳೋ ತೆಲುಗೋ ಆಡುವ ಮಗು ಶಾಲೆಯಲ್ಲಿ ಕನ್ನಡ ಓದಲು ತಡವರಿಸುತ್ತದೆ. ಪಕ್ಕದ ಮಗು ನಗುತ್ತದೆ. ನಾವು "ಸಾರಿ ಕೇಳು" ಎಂದು ಗದರುತ್ತೇವೆ. ಮಗು ಕೇಳುತ್ತದೆ, ಅಲ್ಲಿಗೆ ಮುಗಿಯಿತು. ಅದು ಕಲಿತದ್ದು ಒಂದು ಪದ ಮಾತ್ರ. ಅದರ ಬದಲು "ನೀನು ನಕ್ಕಾಗ ಅವಳ ಮುಖ ಹೇಗಿತ್ತು?" ಎಂದು ಕೇಳಿ ಸುಮ್ಮನೆ ಕಾಯೋಣ. ಮಗು ಆ ಮುಖವನ್ನು ಇನ್ನೊಮ್ಮೆ ನೋಡುತ್ತದೆ. ಕರುಣೆ ಮೊಳೆಯುವುದು ಅಲ್ಲಿ.

ಮಗು ನಮಗೆ ಬೇಕಾದ ಉತ್ತರ ಹೇಳಿ ನುಣುಚಿಕೊಂಡರೆ? ಗಮನಿಸಿ, ಬುದ್ಧರು ಕನ್ನಡಿಯ ಮಾತಿಗೆ ಮುಂಚೆ ಹೇಳಿದ್ದು ತಮಾಷೆಗೂ ಸುಳ್ಳಾಡಬೇಡ ಎಂದು. ನೋವು ಕೊಟ್ಟಿದ್ದರೆ ಗುರುವಿನ ಮುಂದೆ, ತಿಳಿದವರ ಮುಂದೆ ಬಿಚ್ಚಿ ಹೇಳು ಎಂದೂ ಕಲಿಸಿದರು. ಆದರೆ ನಿಜ ಹೇಳಿದ ಮಗುವಿಗೆ ಏಟು ಬಿದ್ದರೆ, ಮುಂದಿನ ಸಲ ಅದು ಸುಳ್ಳನ್ನೇ ಹೇಳುತ್ತದೆ. ಆದ್ದರಿಂದ ಮೊದಲ ಪರೀಕ್ಷೆ ದೊಡ್ಡವರಾದ ನಮ್ಮದು: ಮಗು ನಿಜ ಹೇಳಿದಾಗ ಕೈ ಎತ್ತದೆ ಕೇಳಿಸಿಕೊಳ್ಳಬಲ್ಲೆವೇ?

ಒಳ್ಳೆಯದನ್ನು ಮಾಡಿರುವುದು ಕಂಡರೆ ಸಂತೋಷದಿಂದಿರು ಎಂದೂ ಬುದ್ಧರು ರಾಹುಲನಿಗೆ ಹೇಳಿದರು. ಇದನ್ನು ನಾವು ಮಕ್ಕಳಿಗೆ ಹೇಳುವುದು ಕಡಿಮೆ. ಕನ್ನಡಿ ತೋರಿಸುವುದು ಕಲೆಯನ್ನು ಮಾತ್ರವಲ್ಲ.

ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಮನೆ ಸೇರುವ ತಂದೆ ತಾಯಂದಿರಿಗೆ ಸಮಯ ಸಿಗುವುದಿಲ್ಲ, ನಿಜ. ಮಲಗುವ ಮುಂಚೆ ಎರಡು ಪ್ರಶ್ನೆ ಸಾಕು. *ಇವತ್ತು ನನ್ನಿಂದ ಯಾರಿಗೆ ನೋವಾಯಿತು? ಯಾರಿಗೆ ಖುಷಿಯಾಯಿತು?* ಮೊದಲ ಉತ್ತರ ಅಪ್ಪನದೋ ಅಮ್ಮನದೋ ಆಗಿರಲಿ. ಆಮೇಲೆ ಮಗು ತಾನಾಗಿ ಹೇಳುತ್ತದೆ.

ಭವತು ಸಬ್ಬ ಮಂಗಲಂ 🪷