ತಪ್ಪು ದಂಡದ ಋಣ

ಅರಸನೇ ತಪ್ಪಾಗಿ ದಂಡ ಹಾಕಿದರೆ ಆ ಹಣ ಯಾರಿಗೆ ಸೇರಬೇಕು ಎಂಬ ಪ್ರಶ್ನೆಯನ್ನು ಧರ್ಮಶಾಸ್ತ್ರ ನೇರವಾಗಿಯೇ ಎತ್ತಿಕೊಂಡಿದೆ. ಯಾಜ್ಞವಲ್ಕ್ಯ ಸ್ಮೃತಿಯ ವ್ಯವಹಾರಾಧ್ಯಾಯ ಮುಗಿಯುವುದೇ ಈ ಮಾತಿನಿಂದ: ಅನ್ಯಾಯವಾಗಿ ವಸೂಲಿ ಮಾಡಿದ ದಂಡದ 30 ಪಟ್ಟನ್ನು ಅರಸ ವರುಣನಿಗೆ ನಿವೇದಿಸಿ ಬ್ರಾಹ್ಮಣರಿಗೆ ಕೊಡಬೇಕು. ಕೌಟಿಲ್ಯನ ಲೆಕ್ಕವೂ ಇದೇ. ಅರಸರನ್ನು ದಂಡಿಸುವ ಅಧಿಕಾರ ವರುಣನದೆಂಬುದು ಮನುಸ್ಮೃತಿಯ ನಂಬಿಕೆ.

ಇಷ್ಟಕ್ಕೇ ನಿಂತರೆ ಅರಸನ ಪಾಪ ತೊಳೆಯಬಹುದು, ಹಣ ಕಳೆದುಕೊಂಡವನ ಕೈ ಮಾತ್ರ ಬರಿದೇ ಉಳಿಯುತ್ತದೆ. ಆ ಕೊರತೆಯನ್ನು ಕಂಡವನು ವಿಜ್ಞಾನೇಶ್ವರ. ಆರನೇ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿ, ಎಂದರೆ ಇಂದಿನ ಬಸವಕಲ್ಯಾಣದಲ್ಲಿ, ಬರೆದ ‘ಮಿತಾಕ್ಷರಾ’ ವ್ಯಾಖ್ಯಾನದಲ್ಲಿ ಅವನು ಇನ್ನೊಂದು ಹೊಣೆ ಸೇರಿಸುತ್ತಾನೆ: ಯಾರಿಂದ ಎಷ್ಟು ತೆಗೆದುಕೊಳ್ಳಲಾಗಿತ್ತೋ ಅವರಿಗೆ ಅಷ್ಟನ್ನೂ ಹಿಂದಿರುಗಿಸಬೇಕು, ಇಲ್ಲವಾದರೆ ಅದು ಅಪಹಾರವೇ. ಪ್ರಾಯಶ್ಚಿತ್ತ ಬೇರೆ, ಮರುಪಾವತಿ ಬೇರೆ. ಒಂದನ್ನು ಸಲ್ಲಿಸಿದ ಮಾತ್ರಕ್ಕೆ ಇನ್ನೊಂದು ತೀರದು. ಅವನ ಮಾತು ದಂಡದ ಹಣಕ್ಕೆ ಸೀಮಿತ, ನಿಜ. ಆದರೂ ನಿಲ್ಲದ ಆರೋಪವನ್ನು ಎದುರಿಸಲು ನಿರಪರಾಧಿ ವಕೀಲರಿಗೆ ತೆತ್ತ ಹಣವೂ ಪ್ರಭುತ್ವದ ತಪ್ಪಿನಿಂದಲೇ ಕೈಬಿಟ್ಟದ್ದು. ಅದಕ್ಕೆ ಬೇರೆ ನ್ಯಾಯ ಹೇಳಲು ಕಾರಣ ಕಾಣುವುದಿಲ್ಲ.

1810ರಲ್ಲಿ ಕೋಲ್ಕತ್ತದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಕೋಲ್‌ಬ್ರೂಕ್ ಇಂಗ್ಲಿಷಿಗೆ ತಂದದ್ದು ಮಿತಾಕ್ಷರಾದ ದಾಯವಿಭಾಗವನ್ನು ಮಾತ್ರ. ಜೊತೆಗಿದ್ದದ್ದು ಬಂಗಾಳದವರು ಅನುಸರಿಸುತ್ತಿದ್ದ ಜೀಮೂತವಾಹನನ ‘ದಾಯಭಾಗ’. ಹೀಗೆ ಕಲ್ಯಾಣದ ಗ್ರಂಥ ಕಂಪನಿಯ ಕೋರ್ಟುಗಳಿಗೆ ಆಸ್ತಿ ಪಾಲಿನ ಶಾಸ್ತ್ರವಾಗಿ ಹೊಕ್ಕಿತು. ಅರಸನ ಋಣದ ಮಾತು ಹೊರಗೇ ಉಳಿಯಿತು. ದೊರೆ ವ್ಯಾಜ್ಯದ ಖರ್ಚನ್ನು ಕೊಡುವುದೂ ಇಲ್ಲ, ಪಡೆಯುವುದೂ ಇಲ್ಲ ಎಂಬುದು ಕಂಪನಿಯ ತವರಾದ ಇಂಗ್ಲೆಂಡಿನ ಹಳೆಯ ನಿಯಮವಾಗಿತ್ತು.

ಅದೇ ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ಪ್ರಾಧ್ಯಾಪಕ ಅಂಬಿಕೇಶ ಮಹಾಪಾತ್ರ ಅವರನ್ನು 2012ರ ಏಪ್ರಿಲ್‌ನಲ್ಲಿ ಪೊಲೀಸರು ಬಂಧಿಸಿದರು. ಮುಖ್ಯಮಂತ್ರಿಯ ಕುರಿತ ವ್ಯಂಗ್ಯಚಿತ್ರವೊಂದನ್ನು ಇ-ಮೇಲ್‌ನಲ್ಲಿ ಹಂಚಿದ್ದೇ ಆರೋಪ. 50,000 ರೂಪಾಯಿ ಪರಿಹಾರ ಕೊಡುವಂತೆ ರಾಜ್ಯ ಮಾನವ ಹಕ್ಕುಗಳ ಆಯೋಗ ಅದೇ ವರ್ಷ ಶಿಫಾರಸು ಮಾಡಿತು, ಸರ್ಕಾರ ಒಪ್ಪಲಿಲ್ಲ. 2015ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆರೋಪಕ್ಕೆ ಆಧಾರವಾಗಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನೇ ರದ್ದುಪಡಿಸಿತು. ಅಲಿಪುರದ ನ್ಯಾಯಾಲಯ ಅವರನ್ನು ಆರೋಪದಿಂದ ಬಿಡುಗಡೆಗೊಳಿಸಿದ್ದು ಮಾತ್ರ 2023ರ ಜನವರಿಯಲ್ಲಿ. ಸುಮಾರು ಹನ್ನೊಂದು ವರ್ಷಗಳ ಅಲೆದಾಟದಲ್ಲಿ ಶಿಕ್ಷೆಯೆಂದು ಬರೆದ ತೀರ್ಪಿಲ್ಲ, ಅನುಭವಿಸಿದ್ದು ಶಿಕ್ಷೆಯೇ.

ಸೋತ ಮೊಕದ್ದಮೆಗಳ ಖರ್ಚು ತೆರಬೇಕಾದರೆ ಸರ್ಕಾರ ನಿಜವಾದ ಅಪರಾಧಿಗಳ ಮೇಲೂ ಮೊಕದ್ದಮೆ ಹೂಡಲು ಹಿಂಜರಿಯುತ್ತದೆ ಎಂಬ ಆಕ್ಷೇಪವಿದೆ. ಅದು ತೂಕದ್ದೇ. ಅದಕ್ಕಾಗಿಯೇ ಅಮೆರಿಕದ 1997ರ ಹೈಡ್ ತಿದ್ದುಪಡಿ ಪ್ರತಿ ಸೋಲಿಗೂ ಹಣ ಕೊಡಿಸುವುದಿಲ್ಲ. ಮೊಕದ್ದಮೆ ಕಿರುಕುಳದ್ದೋ ಹುರುಳಿಲ್ಲದ್ದೋ ದುರುದ್ದೇಶದ್ದೋ ಆಗಿರಬೇಕು. ಆದರೆ ಖಜಾನೆಯ ಹಣ ಜನರದೇ ಎಂಬ ಇನ್ನೊಂದು ವಾದ ನಿಲ್ಲದು. ಎಲ್ಲರ ಹೆಸರಿನಲ್ಲಿ ನಡೆದ ತಪ್ಪಿನ ಹೊರೆಯನ್ನು ಒಬ್ಬನ ಮನೆ ಹೊರಬೇಕೆನ್ನುವುದಕ್ಕಿಂತ ಎಲ್ಲರೂ ಹಂಚಿಕೊಳ್ಳುವುದು ನ್ಯಾಯ.

ಭಾರತದಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೇ ಕಲಮು ಸೋತವರಿಂದ ಖರ್ಚು ಕೊಡಿಸಬಲ್ಲದು, ಸರ್ಕಾರವೂ ಅದಕ್ಕೆ ಹೊರತಲ್ಲ. ಕ್ರಿಮಿನಲ್ ಪ್ರಕರಣಗಳಲ್ಲಿ ಅಂಥದ್ದಿಲ್ಲ. ಆಧಾರವಿಲ್ಲದ ಬಂಧನಕ್ಕೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 358ನೇ ಕಲಮು ಕೊಡಿಸುತ್ತಿದ್ದದ್ದು ಹೆಚ್ಚೆಂದರೆ 1,000 ರೂಪಾಯಿ, ಅದೂ ಬಂಧನ ಮಾಡಿಸಿದ ಖಾಸಗಿ ವ್ಯಕ್ತಿಯಿಂದ. ತಪ್ಪು ಮೊಕದ್ದಮೆಗಳಿಗೆ ಸರ್ಕಾರವೇ ಪರಿಹಾರ ಕೊಡುವ ಶಾಸನ ಬೇಕೆಂದು ಕಾನೂನು ಆಯೋಗದ 277ನೇ ವರದಿ 2018ರಲ್ಲಿ ಹೇಳಿತು. ಹಳೆಯ ಸಂಹಿತೆಯ ಜಾಗಕ್ಕೆ ಬಂದ 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಆ ಸಲಹೆಗೆ ಜಾಗ ಸಿಗಲಿಲ್ಲ.